ಕೂಸಿನ ತಲೆ ನೋಡುತ್ತಿದ್ದವರು

ಅವರನ್ನು ಕೂರಿಸಿದ್ದರು. ಚಾಮರಾಜಪೇಟೆಯ ಆ ಮನೆಯ ಹಜಾರದಲ್ಲಿ, ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಅವರ ಕಡೆಯ ಪದ್ಧತಿಯಂತೆ ಪದ್ಮಾಸನ ಹಾಕಿಸಿ ಕೂರಿಸಿದ್ದರು. ಶಾಲೆಯಿಂದ ನೇರವಾಗಿ ಓಡಿ ಬಂದಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಒಂದೇ ಕಾಂಪೌಂಡಿನಲ್ಲಿ ಇದ್ದವಳು ನಾನು. ಆ ಮನುಷ್ಯ ಹೀಗೆ, ಕೈಕಾಲು ಅಲ್ಲಾಡಿಸದೆ, ಎದ್ದು ಹೋಗುವ ಆತುರವಿಲ್ಲದೆ ಕೂತದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಪಕ್ಕದಲ್ಲಿದ್ದ ಅವರ ತಮ್ಮ, "ಬನ್ನಿ ಟೀಚರಮ್ಮ, ನೋಡಿ, ಕೊನೆಗೂ ಕೂತ್ಬಿಟ್ಟ ನಮ್ಮಣ್ಣ" ಎಂದು ನಗಲು ಹೋಗಿ ಅತ್ತುಬಿಟ್ಟರು.

ನನಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಥರದ ತಳಮಳ. ಯಾರಾದರೂ ಅವರನ್ನು ಎಬ್ಬಿಸಬೇಕು, ಅವರಿಗೆ ಹೀಗೆ ಕೂತು ಅಭ್ಯಾಸವಿಲ್ಲ ಎಂದು ಹೇಳಬೇಕು ಅನ್ನಿಸಿತು.

ಮೊದಲ ಸಲ ಅವರನ್ನು ನೋಡಿದ್ದು ನಾವು ಮನೆ ಹುಡುಕುವಾಗ. ಎಪ್ಪತ್ತರ ದಶಕದ ಶುರು. ನಮಗೆ ಮದುವೆಯಾಗಿ ಹೊಸದು. ನನಗೆ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಕೆಲಸ, ನನ್ನ ಯಜಮಾನರಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಇಬ್ಬರಿಗೂ ಸಂಬಳ ಬರುತ್ತಿದ್ದರೂ ಆ ಬೀದಿಗಳಲ್ಲಿ ಮನೆ ಸಿಗುತ್ತಿರಲಿಲ್ಲ. 'ಮನೆ ಬಾಡಿಗೆಗೆ ಇದೆ' ಎಂದು ಹಲಗೆ ನೇತುಹಾಕಿದವರು ನಮ್ಮ ಊರು ಕೇಳುತ್ತಿದ್ದರು, ತಂದೆಯ ಹೆಸರು ಕೇಳುತ್ತಿದ್ದರು, ಆಮೇಲೆ ಆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ನಮ್ಮ ಜಾತಿ ತಿಳಿದ ಮೇಲೆ ಮನೆ ಆಗಲೇ ಬೇರೆ ಯಾರಿಗೋ ಮಾತಾಗಿರುತ್ತಿತ್ತು. ಇವರು ಮಾತ್ರ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, "ಇಬ್ಬರೇ ತಾನೆ? ಹಿಂದುಗಡೆ ಮನೆ. ನೀರು ಬೆಳಿಗ್ಗೆ ಬಿಡ್ತಾರೆ. ಬೀಗದ ಕೈ ನಮ್ಮವ್ವನ ಹತ್ರ ಇದೆ, ಇಸ್ಕೊಳ್ಳಿ" ಎಂದು ಹೊರಟೇಹೋದರು. ಆ ಪ್ರಶ್ನೆಯನ್ನು ಅವರು ದೊಡ್ಡ ಮನಸ್ಸಿನಿಂದ ಕೇಳಲಿಲ್ಲವೋ, ಕೇಳುವಷ್ಟು ಹೊತ್ತು ನಿಲ್ಲಲಾಗದೆ ಕೇಳಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಅವರ ತಾಯಿ ಕೇಳಿದರು. ಉತ್ತರ ಕೇಳಿಸಿಕೊಂಡು, ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟರು. ಮಗ ಮಾತು ಕೊಟ್ಟು ಹೋಗಿಯಾಗಿತ್ತು.

ಅವರದು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ, ಅಜ್ಜನ ಕಾಲದ್ದು. ಹಿರಿಮಗ ಗಾದಿಯ ಮೇಲೆ ಕೂರಬೇಕಾದದ್ದು ಆ ಮನೆಯ ಕ್ರಮ. ಇವರನ್ನು ಕೂರಿಸಿ ನೋಡಿದರಂತೆ. ಗಿರಾಕಿ ಸೀರೆ ಆರಿಸುವಷ್ಟರಲ್ಲಿ ಇವರು ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದಿರುತ್ತಿದ್ದರಂತೆ. ಕೊನೆಗೆ ತಮ್ಮಂದಿರು ಗಾದಿ ಹಿಡಿದರು, ಇವರು ತಿರುಗಾಟ ಹಿಡಿದರು. ಮಲ್ಲೇಶ್ವರದ ಶಾಲೆಗೆ ಯೂನಿಫಾರಂ ಬಟ್ಟೆಯ ಸ್ಯಾಂಪಲ್ ಒಯ್ಯುವುದು, ಶೇಷಾದ್ರಿಪುರದ ದರ್ಜಿಗಳಿಗೆ ಬಟ್ಟೆಯ ಥಾನು ಮುಟ್ಟಿಸುವುದು, ಎಲ್ಲ ಅವರದೇ. ಬಸ್ಸು ಬರುವ ತನಕ ನಿಲ್ಲಲಾಗದೆ ಮುಂದಿನ ಸ್ಟಾಪಿಗೆ ನಡೆಯುತ್ತಿದ್ದರು, ಅಲ್ಲಿಂದ ಅದರ ಮುಂದಿನದಕ್ಕೆ. ಕೊನೆಗೆ ಬಸ್ಸಿಗಿಂತ ಮೊದಲು ತಾವೇ ತಲುಪುತ್ತಿದ್ದರು. ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆಯನ್ನು ನಿಂತೇ ತಿಂದು, ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಫುಟ್‌ಪಾತಿಗೆ ಬಂದುಬಿಡುತ್ತಿದ್ದರು, ಮಾಣಿ ಲೋಟಕ್ಕಾಗಿ ಹಿಂದೆ ಬರಬೇಕು. ನನ್ನ ಜೊತೆ ಮಾತಾಡುವಾಗಲೂ ಅಷ್ಟೇ. ಒಂದು ವಾಕ್ಯ ಬಾವಿಕಟ್ಟೆಯ ಹತ್ತಿರ, ಇನ್ನೊಂದು ಗೇಟಿನ ಹತ್ತಿರ.

"ಅಣ್ಣಾ, ನಿಂತು ಹೇಳಿ, ಅರ್ಧ ಕೇಳಿಸ್ಲಿಲ್ಲ" ಅಂದರೆ, "ಉಳಿದರ್ಧ ನಿಮಗೇ ಗೊತ್ತಾಗುತ್ತೆ ಬಿಡಿ ಟೀಚರಮ್ಮ" ಅನ್ನುವರು.

ಮದುವೆಯಾಗಿ ಬಹಳ ವರ್ಷಕ್ಕೆ ಅವರಿಗೆ ಮಗಳು ಹುಟ್ಟಿದಳು. ಗೌರಿ ಎಂದು ಹೆಸರಿಟ್ಟರು. ಹೆರಿಗೆಯ ಬೆನ್ನಿಗೇ ಅವರ ಹೆಂಡತಿಗೆ ಕಾಮಾಲೆಯಾಯಿತು. ನಾನು ಅಕ್ಕ ಅನ್ನುತ್ತಿದ್ದ ಆಕೆ ಬಲು ಮೆತ್ತಗಿನ ಹೆಂಗಸು, ಜೋರಾಗಿ ಒಂದು ಮಾತಾಡಿದವಳಲ್ಲ. ಎದ್ದು ಕೂರುವ ಶಕ್ತಿಯೂ ಇಲ್ಲದೆ ಒಳಕೋಣೆಯಲ್ಲಿ ಮಲಗಿದಳು. ಕೂಸಿನ ಅಜ್ಜಿಗೆ, ಅಂದರೆ ಅವರ ತಾಯಿಗೆ, ಕಣ್ಣು ಮಂಜು. ಕೂಸು ಹಗಲೆಲ್ಲ ನಡುಮನೆಯ ತೊಟ್ಟಿಲಲ್ಲೇ ಇರುತ್ತಿತ್ತು. ಗೋಡೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಬೆಳಕು, ಜನ, ಮಾತು ಎಲ್ಲ ಬಾಗಿಲ ಕಡೆಯಿಂದಲೇ ಬರುತ್ತಿದ್ದುದರಿಂದ ಅದು ಬಲಕ್ಕೆ ಕತ್ತು ತಿರುಗಿಸಿ ಬಾಗಿಲನ್ನೇ ನೋಡುತ್ತ ಮಲಗಿರುತ್ತಿತ್ತು. ಅಳದ ಕೂಸು ಎಂದು ಎಲ್ಲರೂ ಹೊಗಳಿದರು.

ಒಂದು ಬೆಳಿಗ್ಗೆ ಅವರು ಹಿಂದಿನ ಮನೆಯ ಬಾಗಿಲಿಗೆ ಬಂದರು. ತೋಳಲ್ಲಿ ಮಗು, ಮಗುವಿನ ತಲೆಯ ಮೇಲೆ ಕುಲಾವಿ.

"ಟೀಚರಮ್ಮ, ಸ್ವಲ್ಪ ನೋಡಿ ಹೇಳಿ. ಕುಲಾವಿ ಎಷ್ಟು ಸರಿ ಮಾಡಿದ್ರೂ ಒಂದು ಕಡೆ ಜಾರ್ತಾ ಇದೆ. ಹೊಲಿದವನು ಸೊಟ್ಟಗೆ ಹೊಲಿದನಾ, ಇಲ್ಲಾ..."

ನಾನು ಕುಲಾವಿ ತೆಗೆದೆ. ಮುಂದಿನಿಂದ ನೋಡಿದರೆ ಏನೂ ಇಲ್ಲ, ಬೆಣ್ಣೆಯಂಥ ಮುಖ. ಮೇಲಿನಿಂದ ಬಗ್ಗಿ ನೋಡಿದೆ. ಹಿಂತಲೆಯ ಬಲಭಾಗ ಅಂಗೈಯಿಂದ ಒತ್ತಿದ ಹಾಗೆ ಚಪ್ಪಟೆಯಾಗಿತ್ತು. ಬಲಗಿವಿ ಎಡಗಿವಿಗಿಂತ ಒಂಚೂರು ಮುಂದಕ್ಕೆ ಬಂದಿತ್ತು, ಹಣೆಯೂ ಆ ಕಡೆ ತುಸು ಉಬ್ಬಿತ್ತು. ನಾನು ಹೇಳುವ ಮೊದಲೇ ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು.

ಆಮೇಲೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಅಜ್ಜಿ, "ಎಣ್ಣೆ ಹಚ್ಚಿ ನೀರು ಹಾಕುವಾಗ ದಿನಾ ಎರಡೂ ಕೈಲಿ ಒತ್ತಿದ್ರೆ ಸರಿಹೋಗುತ್ತೆ, ತಲೆ ಕೆಳಗೆ ಬಟ್ಟೆ ಸಿಂಬಿ ಇಡು" ಎಂದರು. ದೊಡ್ಡ ತಮ್ಮ, "ಹೆಣ್ಮಗು ಅಲ್ವಾ ಅಣ್ಣ, ಕೂದಲು ಬಂದ್ರೆ ಮುಚ್ಚಿಹೋಗುತ್ತೆ" ಎಂದ. ಪಕ್ಕದ ಮನೆಯಾಕೆ ಧ್ವನಿ ತಗ್ಗಿಸಿ, ಇಂಥ ತಲೆಯ ಮಕ್ಕಳಿಗೆ ಬುದ್ಧಿ ಬೆಳೆಯುವುದಿಲ್ಲವಂತೆ ಎಂದು ಯಾರದೋ ಮಗುವಿನ ಕಥೆ ಹೇಳಿ ಹೋದಳು. ಅದನ್ನು ಒಳಕೋಣೆಯಲ್ಲಿ ಮಲಗಿದ್ದ ಅಕ್ಕ ಕೇಳಿಸಿಕೊಂಡಳು. ಇವರು ಮಗುವನ್ನೆತ್ತಿಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೆದರು. ಒಬ್ಬರು ಮುಟ್ಟದೆಯೇ ಏನೂ ಇಲ್ಲ ಎಂದರು. ಇನ್ನೊಬ್ಬರು ಆಪರೇಷನ್ ಬೇಕಾಗಬಹುದು ಎಂದರು. ಏನೂ ಇಲ್ಲ ಅಂದದ್ದನ್ನು ಅವರು ನಂಬಲಿಲ್ಲ, ಆಪರೇಷನ್ ಅಂದದ್ದನ್ನು ತಡೆದುಕೊಳ್ಳಲಿಲ್ಲ.

ಕೊನೆಗೆ ಸಿಕ್ಕವರು ಬಸವನಗುಡಿಯ ಒಬ್ಬ ಡಾಕ್ಟ್ರಮ್ಮ. ಮನೆಯ ಮುಂಭಾಗದಲ್ಲೇ ಮಕ್ಕಳ ಕ್ಲಿನಿಕ್. ಅಕ್ಕನಿಗೆ ಏಳಲಾಗದ್ದರಿಂದ ಜೊತೆಗೆ ನಾನು ಹೋಗಿದ್ದೆ. ಆಕೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮೇಲಿನಿಂದ, ಹಿಂದಿನಿಂದ ನೋಡಿದರು, ಕಿವಿಗಳನ್ನು ಹೋಲಿಸಿದರು, ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಬುರುಡೆಯನ್ನೆಲ್ಲ ತಡವಿದರು. ಆಮೇಲೆ ಗಿಲಕಿ ಅಲ್ಲಾಡಿಸಿದರು. ಮಗು ಬಲಕ್ಕೆ ಸಲೀಸಾಗಿ ತಿರುಗಿತು. ಎಡಕ್ಕೆ ಗಿಲಕಿ ಒಯ್ದರೆ ಕಣ್ಣು ಬಂತು, ಕತ್ತು ಅರ್ಧಕ್ಕೇ ನಿಂತಿತು.

"ನೀವು ಬಟ್ಟೆ ಅಂಗಡಿಯವರಂತೆ, ನಿಮಗೆ ಬೇಗ ಅರ್ಥ ಆಗುತ್ತೆ" ಎಂದು ಶುರು ಮಾಡಿದರು. "ಕೂಸಿನ ಬುರುಡೆ ಒಂದೇ ತುಂಡಲ್ಲ. ತುಂಡು ತುಂಡು ಸೇರಿಸಿ ಸಡಿಲವಾಗಿ ಹೊಲಿದ ಹಾಗಿರುತ್ತೆ, ಒಳಗಡೆ ಮೆದುಳು ಬೆಳೀಬೇಕಲ್ಲ. ಇವಳ ಹೊಲಿಗೆ ಎಲ್ಲ ಸಡಿಲವಾಗೇ ಇದೆ. ಕತ್ತಿನ ಒಂದು ಸ್ನಾಯು ಬಿಗಿ, ಅದಕ್ಕೆ ಒಂದೇ ಕಡೆ ತಿರುಗಿ ಮಲಗ್ತಾಳೆ. ಮೆತ್ತಗಿನ ಬುರುಡೆ, ಹಾಸಿಗೆ ಒತ್ತಿದ ಕಡೆ ಚಪ್ಪಟೆ ಆಗಿದೆ. ಅಷ್ಟೇ."

"ಮೆದುಳಿಗೆ?" ಅವರು ಕೇಳಿದ್ದು ಅದೊಂದೇ.

"ಮೆದುಳಿಗೆ ಏನೂ ಆಗಿಲ್ಲ. ಒತ್ತಿರೋದು ಹಾಸಿಗೆ, ಕಾಯಿಲೆ ಅಲ್ಲ."

ಇವರು ಗೋಡೆಯ ಕಡೆ ತಿರುಗಿ ನಿಂತು ಮುಖ ಒರೆಸಿಕೊಂಡರು. ಡಾಕ್ಟ್ರಮ್ಮ ನೋಡದವರ ಹಾಗೆ ಮುಂದುವರಿಸಿದರು. ಮಲಗಿಸುವಾಗ ಯಾವಾಗಲೂ ಅಂಗಾತ, ಆದರೆ ತೊಟ್ಟಿಲಲ್ಲಿ ತಲೆ ಇಡುವ ಕಡೆ ಬದಲಾಯಿಸಿ, ಬಾಗಿಲು ನೋಡಬೇಕಾದರೆ ಎಡಕ್ಕೇ ತಿರುಗಬೇಕು ಹಾಗೆ. ಎಚ್ಚರವಿದ್ದಾಗ ಕಣ್ಣೆದುರೇ ಚಾಪೆಯ ಮೇಲೆ ಬೋರಲು ಹಾಕಿ, ತಲೆ ಎತ್ತಲಿ, ಕತ್ತಿಗೆ ಬಲ ಬರುತ್ತೆ. ಎತ್ತಿಕೊಳ್ಳುವ ತೋಳು ಬದಲಾಯಿಸಿ. ಬಟ್ಟೆ ಬದಲಿಸುವಾಗೆಲ್ಲ ಕತ್ತನ್ನು ಹೀಗೆ, ನಿಧಾನವಾಗಿ, ಮಗು ಮುಖ ಕಿವಿಚದ ಹಾಗೆ ತಿರುಗಿಸಿ. ಕೈಯಲ್ಲಿ ಒತ್ತೋದು ಬೇಡ, ಸಿಂಬಿ ಬೇಡ, ದಿಂಬು ಬೇಡ. ಸಾಧ್ಯವಾದಷ್ಟು ಹೊತ್ತು ತೊಟ್ಟಿಲ ಹೊರಗಿರಲಿ, ಎತ್ತಿಕೊಂಡು ಓಡಾಡಿ.

ಎತ್ತಿಕೊಂಡು ಓಡಾಡಿ. ಆ ಮನುಷ್ಯನಿಗೆ ಹೇಳಿಮಾಡಿಸಿದ ಔಷಧಿ ಅದು ಎಂದು ಹೊರಗೆ ಬಂದಮೇಲೆ ನಾನು ನಕ್ಕೆ. ಅವರು ನಗಲಿಲ್ಲ. ಆಗಲೇ ಮಗುವನ್ನು ಈ ತೋಳಿಂದ ಆ ತೋಳಿಗೆ ಬದಲಾಯಿಸುತ್ತಿದ್ದರು.

ಮೊದಮೊದಲು ಅವರು ಅತಿ ಮಾಡಿದರು. ಮಗುವನ್ನು ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿ ಅರೆಗಳಿಗೆ ಆಗುವಷ್ಟರಲ್ಲಿ ಬಂದು ತಲೆ ತಿರುಗಿಸುವುದು, ಅದು ಎದ್ದು ಅಳುವುದು, ಒಳಗಿನಿಂದ ಅಕ್ಕ, "ದಮ್ಮಯ್ಯ, ಅವಳನ್ನ ಮಲಗೋಕ್ ಬಿಡಿ" ಎಂದು ಗೋಗರೆಯುವುದು. ಒಂದು ದಿನ ಅಕ್ಕ ಗೋಡೆ ಹಿಡಿದುಕೊಂಡು ಎದ್ದು ಬಂದು ತೊಟ್ಟಿಲಿಗೆ ಅಡ್ಡ ನಿಂತಳು. "ಅವಳ ತಲೆ ಸರಿಹೋಗುತ್ತೆ. ನಿಮ್ಮ ತಲೆ ನೋಡ್ಕೊಳ್ಳಿ ಮೊದಲು" ಎಂದಳು. ಆಕೆಯ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ. ಇವರು ಅಂಗಳಕ್ಕೆ ಬಂದು ಬಾವಿಯ ಸುತ್ತ ತಿರುಗಿದರು.

ಆಮೇಲೆ ಒಂದು ದಾರಿ ಕಂಡುಕೊಂಡರು. ಮಗು ಮಲಗಿದಾಗ ತಾವು ಮನೆಯಲ್ಲೇ ಇರುತ್ತಿರಲಿಲ್ಲ. ಎದ್ದಾಗ ಅದನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಆ ಕಾಲದಲ್ಲಿ ಗಂಡಸರು ಹಾಲುಗೂಸನ್ನು ಎತ್ತಿಕೊಂಡು ಪೇಟೆ ಬೀದಿಯಲ್ಲಿ ತಿರುಗುವುದು ಕಂಡವರಿಲ್ಲ. ಹೂವಿನವರು, ತರಕಾರಿಯವರು, ಚಿಕ್ಕಪೇಟೆಯ ಮೂಟೆ ಹೊರುವವರು, ಎಲ್ಲರಿಗೂ ಗೌರಿ ಪರಿಚಯವಾದಳು. ಅಂಗಡಿಗೂ ಒಯ್ದರು. ತಮ್ಮ ರೇಗಿದನಂತೆ. "ಏನಣ್ಣ ಇದು, ಮದುವೆ ಜವಳಿಗೆ ಬಂದೋರ ಮುಂದೆ ಮಗು ಹಿಡ್ಕೊಂಡು ನಿಂತಿದೀಯಲ್ಲ. ಅತ್ತಿಗೆಗೆ ಏನೋ ಆಗಿಹೋಗಿದೆ ಅಂತ ಕೇಳ್ತಾರೆ ಜನ." ಇವರು, "ಕೇಳಿದ್ರೆ ಆರಾಮಾಗಿದಾಳೆ ಅಂತ ಹೇಳು" ಎಂದು ರೇಷ್ಮೆ ಸೀರೆಗಳ ರಾಶಿಯ ಪಕ್ಕ ಜಮಖಾನ ಹಾಸಿ ಮಗುವನ್ನು ಬೋರಲು ಹಾಕಿ, ಎದುರಿಗೆ ಕೆಂಪು ಸೀರೆ ಬಿಚ್ಚಿ ಹಿಡಿದರಂತೆ. ಅದು ಕತ್ತೆತ್ತಿ ನೋಡಿತಂತೆ. ಅದನ್ನು ನನಗೆ ಹೇಳುವಾಗ ಅವರು ಗೇಟಿಗೂ ಬಾವಿಗೂ ನಡುವೆ ಬಹಳ ಸಲ ಓಡಾಡಿದರು.

ಗೌರಿ ಕೂರಲು ಕಲಿಯುವ ಹೊತ್ತಿಗೆ ಕತ್ತು ಎರಡೂ ಕಡೆ ತಿರುಗುತ್ತಿತ್ತು. ನಡೆಯುವ ಹೊತ್ತಿಗೆ ತಲೆ ಬಹುಪಾಲು ದುಂಡಗಾಗಿತ್ತು. ಪೂರಾ ಆಗಲಿಲ್ಲ; ಇವತ್ತಿಗೂ ಜಡೆ ಬಿಚ್ಚಿ ತಡವಿದರೆ ಗೊತ್ತಾಗುತ್ತದೆ. ಅಕ್ಕ ಗುಣವಾದಳು. ಆದರೆ ಇವರು ಕೂಸುಗಳ ತಲೆಗಳಿಂದ ಮತ್ತೆ ಕಣ್ಣು ಕೀಳಲಿಲ್ಲ.

ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ, ಯಾರ ಹೆಗಲ ಮೇಲಾದರೂ ಮಗು ಮಲಗಿದ್ದರೆ ಇವರು ಹಿಂದೆ ಹೋಗಿ ಕತ್ತು ಉದ್ದ ಮಾಡಿ ನೋಡುವರು. "ಅಮ್ಮಾ, ತಪ್ಪು ತಿಳ್ಕೋಬೇಡಿ, ತೊಟ್ಟಿಲು ಗೋಡೆ ಪಕ್ಕ ಇದೆಯಾ?" ಎಂದು ಕೇಳುವರು. ಕೆಲವರು ಕೇಳಿಸಿಕೊಂಡರು. ಒಬ್ಬ ತಾಯಿ ಮನೆ ಹುಡುಕಿಕೊಂಡು ಬಂದು ಬಾಳೆಹಣ್ಣು ಕೊಟ್ಟು ಹೋದಳು. ಗಾಂಧಿ ಬಜಾರಿನಲ್ಲಿ ಮಾತ್ರ ಒಬ್ಬ ಅಜ್ಜಿ ಹೂವಿನ ಅಂಗಡಿಯ ಮುಂದೆ ನಿಂತು, "ನನ್ನ ಮೊಮ್ಮಗೂಗೆ ದೃಷ್ಟಿ ಹಾಕೋಕ್ ಬಂದಿದೀಯಾ" ಎಂದು ಊರು ಸೇರುವ ಹಾಗೆ ಬೈದಳು. ಇವರು ಕೈ ಮುಗಿದು ಬಂದರು. ಮಾರನೆಯ ವಾರ ಇನ್ನೊಂದು ಮಗುವಿನ ತಲೆ ನೋಡಿದರು.

ನನ್ನ ಮಗ ಆನಂದ ಹುಟ್ಟಿದ್ದು ಇದಾದ ಕೆಲವು ವರ್ಷಕ್ಕೆ, ಎಪ್ಪತ್ತರ ದಶಕದ ಕೊನೆಗೆ. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದ ಮೇಲೆ, ನೀರು ಹಾಕುವಾಗ ನನ್ನ ಅಂಗೈಗೇ ತಿಳಿಯಿತು. ಹಿಂತಲೆಯ ಎಡಭಾಗ ಚಪ್ಪಟೆ. ನಾನು ಗಾಬರಿಯಾಗಲಿಲ್ಲ. ಗಾಬರಿಯಾಗುವ ಅಗತ್ಯವೇನು, ಮುಂದಿನ ಮನೆಯಲ್ಲೇ ಬಲ್ಲವರಿದ್ದರು. ಕರೆದು ತೋರಿಸಿದೆ.

ಅವರು ನೋಡಿ ನಕ್ಕುಬಿಟ್ಟರು. "ಅಯ್ಯೋ ಇಷ್ಟೇನಾ! ನಮ್ಮ ಗೌರಿದೇ ಕೇಸು ಟೀಚರಮ್ಮ. ತೊಟ್ಟಿಲು ತಿರುಗಿಸಿ, ಬೋರಲು ಹಾಕಿ, ಎತ್ಕೊಂಡು ಓಡಾಡಿ."

"ಡಾಕ್ಟ್ರಮ್ಮಂಗೆ ಒಂದ್ಸಲ ತೋರಿಸೋಣ್ವಾ?"

"ಯಾಕೆ ಸುಮ್ನೆ? ಆಕೆ ಹೇಳೋದನ್ನ ನಾನೇ ಹೇಳ್ತಿದೀನಲ್ಲ. ನನಗೆ ಬಾಯಿಪಾಠ ಆಗಿದೆ."

ಅಷ್ಟು ಖಚಿತವಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾವು ಅವರು ಹೇಳಿದ್ದನ್ನೆಲ್ಲ ಮಾಡಿದೆವು. ನನ್ನ ಯಜಮಾನರು ಕಚೇರಿಯಿಂದ ಬಂದು ಶರ್ಟು ಬಿಚ್ಚುವ ಮೊದಲೇ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ವಾರಗಳು ಹೋದವು. ಇವರು ಆಗೊಮ್ಮೆ ಈಗೊಮ್ಮೆ ಬಾಗಿಲಿಗೆ ಬಂದು, "ಟೈಮ್ ಎಷ್ಟಾಯ್ತು" ಎಂದೋ, "ಪೇಪರ್ ಬಂತಾ" ಎಂದೋ ಕೇಳಿ ಮಗುವಿನ ಕಡೆ ಒಂದು ನೋಟ ಹಾಯಿಸಿ ಹೋಗುವರು. ದಿನ ಕಳೆದ ಹಾಗೆ ಅವರು ಬರುವುದು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಸರಿಹೋಗ್ತಿದೆಯಾ ಎಂದು ನಾನು ಕೇಳಿದರೆ, "ನಿಧಾನಕ್ಕೆ ಆಗೋದು, ನಿಧಾನಕ್ಕೆ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಬಂದವರು ನೆಪ ಯಾವುದನ್ನೂ ಹೇಳಲಿಲ್ಲ.

"ಮಗೂನ ಎತ್ಕೊಂಡು ಬೆಳಕಿಗೆ ಬನ್ನಿ."

ಬಂದೆ. ಅವರು ನನ್ನ ಹಿಂದೆ ಜಗಲಿ ಹತ್ತಿ ನಿಂತು ಮಗುವಿನ ತಲೆಯನ್ನು ಮೇಲಿನಿಂದ ನೋಡಿದರು. ಬಹಳ ಹೊತ್ತು ನೋಡಿದರು. ಇಳಿದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ನಿಮ್ಮ ಮಗ ಎರಡೂ ಕಡೆ ಕತ್ತು ತಿರುಗಿಸ್ತಾನೆ. ಒಂದೇ ಕಡೆ ಮಲಗೋನಲ್ಲ. ಹಾಗಿದ್ಮೇಲೆ ಚಪ್ಪಟೆ ಯಾಕಾಯ್ತು? ಇದೇ ನನ್ನ ತಲೆ ತಿಂತಾ ಇತ್ತು. ಈಗ ಕಿವಿ ನೋಡಿ. ಗೌರಿಗೆ ಚಪ್ಪಟೆ ಕಡೆ ಕಿವಿ ಮುಂದಕ್ಕೆ ಬಂದಿತ್ತು. ಇವನಿಗೆ ಹಿಂದಕ್ಕೆ ಹೋಗಿದೆ, ಕೆಳಗೂ ಇಳಿದಿದೆ." ಉಸಿರೆಳೆದುಕೊಂಡರು. "ಇದು ಗೌರಿ ಕೇಸಲ್ಲ. ನಾನು ತಪ್ಪು ಹೇಳ್ಬಿಟ್ಟೆ. ನಡೀರಿ."

ಚಪ್ಪಲಿ ಸಿಗಲಿಲ್ಲ, ಮಗು ಕಿರುಚುತ್ತಿತ್ತು. ಆಗ ಮುಂದಿನ ಮನೆಯ ಬಾಗಿಲಿಂದ ಅಜ್ಜಿ ತಡವರಿಸುತ್ತ ಬಂದು, "ಇಲ್ಲಿ ಕೊಡವ್ವ, ನೀನು ಸೀರೆ ಸರಿ ಮಾಡ್ಕೋ" ಎಂದು ನನ್ನ ಮಗುವನ್ನು ಎದೆಗೆ ಒತ್ತಿಕೊಂಡರು. ಅಷ್ಟು ವರ್ಷದಲ್ಲಿ ನಮ್ಮ ಮನೆಯ ಒಂದು ಲೋಟವನ್ನೂ ಮುಟ್ಟದಿದ್ದವರು. ಆ ಗಳಿಗೆಯಲ್ಲಿ ನನಗದು ತೋಚಲೂ ಇಲ್ಲ.

ಆಟೋ ಹಿಡಿದು ಬಸವನಗುಡಿಗೆ ಹೋದೆವು. ದಾರಿಯುದ್ದಕ್ಕೂ ಅವರು ಆಟೋದಿಂದ ಹೊರಗೆ ತಲೆ ಹಾಕಿ ಮುಂದಿನ ಗಾಡಿಗಳನ್ನು ಕೈಯಿಂದ ಸರಿಸುತ್ತಿದ್ದರು. ಡಾಕ್ಟ್ರಮ್ಮ ಬೆರಳಿನಿಂದ ತಡವುತ್ತ ಹೋಗಿ, ಎಡಗಿವಿಯ ಹಿಂದೆ ಒಂದು ಕಡೆ ನಿಂತರು. ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟರು. ಚರ್ಮದಡಿಯಲ್ಲಿ ಗಟ್ಟಿಯಾದ ಒಂದು ಏಣು ಕೈಗೆ ಹತ್ತಿತು, ಒತ್ತಿ ಹೊಲಿದ ಅಂಚಿನ ಹಾಗೆ.

"ಇಲ್ಲಿ ಹೊಲಿಗೆ ಬಿಗಿದುಹೋಗಿದೆ. ಮೂಳೆ ಮೂಳೆ ಕೂಡಿಕೊಂಡುಬಿಟ್ಟಿದೆ. ಬಹಳ ಅಪರೂಪ ಇದು, ತೊಟ್ಟಿಲು ತಿರುಗಿಸಿದ್ರೆ ಹೋಗೋದಲ್ಲ. ಎಕ್ಸ್‌ರೇ ಬೇಕು, ಸರ್ಜನ್ ನೋಡ್ಬೇಕು." ಆಮೇಲೆ ಅವರ ಕಡೆ ತಿರುಗಿದರು. ಸಿಟ್ಟು ತಡೆದುಕೊಂಡ ಧ್ವನಿ. "ನಾನು ಹೇಳಿಕೊಟ್ಟಿದ್ದು ನಿಮ್ಮ ಮಗೂಗೆ. ಊರಿನ ಮಕ್ಕಳಿಗೆಲ್ಲ ಅಲ್ಲ. ಮೊದಲು ಬೆರಳಿಟ್ಟು ನೋಡ್ಬೇಕು, ಆಮೇಲೆ ಹೇಳ್ಬೇಕು. ಆ ಬೆರಳು ನಿಮ್ಮದಲ್ಲ."

ಅವರು ತಲೆ ತಗ್ಗಿಸಿ ನಿಂತಿದ್ದರು.

ಸಂಜೆ ನನ್ನ ಯಜಮಾನರು ಅಂಗಳದಲ್ಲಿ ಅವರನ್ನು ತರಾಟೆಗೆ ತೆಗೆದುಕೊಂಡರು. "ನಿಮ್ಮ ಮಾತು ಕೇಳ್ಕೊಂಡು ಇಷ್ಟು ದಿನ ಸುಮ್ನೆ ಕೂತ್ವಲ್ಲ ಸ್ವಾಮಿ. ನನ್ನ ಮಗನಿಗೆ ಏನಾದ್ರೂ ಆದ್ರೆ?" ನಾನು ಯಜಮಾನರ ತೋಳು ಹಿಡಿದು ಎಳೆದೆ. "ಅವರೇ ಅಲ್ವಾ ಬಂದು ಎಬ್ಬಿಸಿದ್ದು" ಎಂದೆ. "ಮಲಗಿಸಿದ್ದೂ ಅವರೇ" ಎಂದರು ನನ್ನ ಯಜಮಾನರು. ಇವರು ಚಪ್ಪಲಿ ಮೆಟ್ಟಿಕೊಂಡರು. ಸ್ವಲ್ಪ ಹೊತ್ತಿಗೆ ಗೇಟು ಕಿರ್ ಎಂದಿತು. ಎಲ್ಲಿಗೆ ಹೋದರೋ, ಎಷ್ಟು ದೂರ ನಡೆದರೋ.

ಆಪರೇಷನ್ ದೊಡ್ಡಾಸ್ಪತ್ರೆಯಲ್ಲಿ ಆಯಿತು. ಕೂಡಿಕೊಂಡ ಮೂಳೆಯ ಒಂದು ಪಟ್ಟಿಯನ್ನು ಕತ್ತರಿಸಿ ತೆಗೆಯುತ್ತೇವೆ, ಮೆದುಳಿಗೆ ಜಾಗವಾಗುತ್ತೆ ಎಂದು ವಿವರಿಸಿದ್ದರು. ನಾನು, ನನ್ನ ಯಜಮಾನರು ಬೆಂಚಿನ ಮೇಲೆ. ಅವರು ಕಾರಿಡಾರಿನ ಈ ತುದಿಯಿಂದ ಆ ತುದಿಗೆ. ನರ್ಸು ಗದರಿಸಿದ ಮೇಲೆ ಹೊರಗೆ ಹೋಗಿ ಆಸ್ಪತ್ರೆಯ ಸುತ್ತ ಹಾಕತೊಡಗಿದರು. ಕಿಟಕಿಯಲ್ಲಿ ಅವರ ತಲೆ ಬರುವುದು, ಹೋಗುವುದು, ಮತ್ತೆ ಬರುವುದು ಕಾಣುತ್ತಿತ್ತು. ಒಂದು ಸುತ್ತು ತಡವಾದಾಗ ನನ್ನ ಯಜಮಾನರೇ ಎದ್ದು ಕಿಟಕಿಯ ಹತ್ತಿರ ಹೋಗಿ ನೋಡಿದರು.

ಸರ್ಜನ್ ಹೊರಗೆ ಬಂದು ಎಲ್ಲ ಸಸೂತ್ರವಾಗಿ ಆಯಿತು ಎಂದಾಗ ನಾವಿಬ್ಬರೂ ಕೈ ಮುಗಿದೆವು. ಅವರು ಎಲ್ಲಿದ್ದರೋ ಓಡಿ ಬಂದರು.

"ಸಾರ್, ನನ್ನಿಂದ ಕೆಲವು ವಾರ ತಡ ಆಯ್ತು. ನಾನೇ ಬೇಡ ಅಂದಿದ್ದು. ಅದರಿಂದ ಮಗುವಿನ ಬುದ್ಧಿಗೆ ಏನಾದ್ರೂ..."

"ತೀರ ತಡ ಏನಲ್ಲ" ಎಂದರು ಸರ್ಜನ್, ಕೈಗವಸು ಬಿಚ್ಚುತ್ತ. "ತೊಂದರೆ ಆಗಿರಲಿಕ್ಕಿಲ್ಲ. ಮಗು ಬೆಳೀಲಿ, ನೋಡೋಣ."

ಆ 'ನೋಡೋಣ' ಸರ್ಜನ್ನರ ಬಾಯಿಂದ ಸಲೀಸಾಗಿ ಬಂದ ಮಾತು. ನಾವು ಅದನ್ನು ಅಲ್ಲೇ ಮರೆತೆವು. ಅವರು ಮರೆಯಲಿಲ್ಲ.

ಆನಂದ ಚೆನ್ನಾಗಿ ಬೆಳೆದ. ತಲೆ ದುಂಡಗಾಯಿತು, ಗಾಯ ಮಾಯ್ದು ಕೂದಲಡಿ ಸೇರಿತು. ನನ್ನ ಯಜಮಾನರ ಸಿಟ್ಟು ಎಷ್ಟು ದಿನ ಇದ್ದೀತು. ಗೌರಿಯ ಹುಟ್ಟುಹಬ್ಬದ ದಿನ ಅವರೇ ಮುಂದಿನ ಮನೆಗೆ ಹೋಗಿ ಪಾಯಸ ಕುಡಿದು ಬಂದರು. ಕೂಸುಗಳ ತಲೆ ನೋಡುವುದನ್ನು ಇವರು ಬಿಡಲಿಲ್ಲ, ಆದರೆ ಈಗ ಹೇಳುತ್ತಿದ್ದುದು ಒಂದೇ ಮಾತು: "ಡಾಕ್ಟ್ರ ಹತ್ರ ಒಂದ್ಸಲ ತೋರಿಸಿ. ಏನೂ ಇರಲ್ಲ, ಆದ್ರೂ 'ಏನೂ ಇಲ್ಲ' ಅಂತ ಅವರೇ ಹೇಳ್ಲಿ."

ಆನಂದನ ವಿಷಯದಲ್ಲಿ ಮಾತ್ರ ಅವರು ಬೇರೆ ಥರ ಆಗಿಹೋದರು. ಅವನು ಮಾತು ಕಲಿಯುವಾಗ, "ಇದೇನು? ಅದೇನು?" ಎಂದು ಬೆರಳು ತೋರಿಸಿ ಕೇಳುವರು. ಶಾಲೆಗೆ ಸೇರಿದ ಮೇಲೆ ದಾರಿಯಲ್ಲಿ ಅಂಗಡಿಗಳ ಬೋರ್ಡು ಓದಿಸುವರು. ಮಗ್ಗಿ ಕೇಳುವರು, ಬಾಯಿಲೆಕ್ಕ ಕೊಡುವರು. ಅವನು ತಕ್ಷಣ ಹೇಳಿದರೆ ಮುಖ ಅರಳುತ್ತಿತ್ತು; ತಡವರಿಸಿದರೆ ಅವತ್ತೆಲ್ಲ ಗೇಟಿನಿಂದ ಬಾವಿಗೆ, ಬಾವಿಯಿಂದ ಗೇಟಿಗೆ. ಮೊದಲು ಅದು ಪ್ರೀತಿ ಎಂದೇ ನಾನು ಎಣಿಸಿದ್ದೆ. ಒಂದು ಸಲ ಅವನಿಗೆ ಗಣಿತದಲ್ಲಿ ನಂಬರು ಕಡಿಮೆ ಬಂದಾಗ ಅವರು ನನ್ನ ಹತ್ತಿರ ಬಂದು, "ಟೀಚರಮ್ಮ, ನೀವು ದಿನಾ ಅಷ್ಟು ಮಕ್ಕಳನ್ನ ನೋಡ್ತೀರಿ. ನಿಜ ಹೇಳಿ, ಇವನು ಉಳಿದೋರ ಥರಾನೇ ಇದಾನಾ?" ಎಂದು ಕೇಳಿದರು. ಆಗ ನನಗೆ ಎಲ್ಲ ಹೊಳೆಯಿತು.

"ಅಣ್ಣಾ, ಅವನು ಓದಿರ್ಲಿಲ್ಲ. ಇಡೀ ವಾರ ಗೋಲಿ ಆಡ್ತಿದ್ದ" ಎಂದೆ. ಇನ್ನೂ ಏನೇನೋ ಹೇಳಿದೆ. ನೀವು ಬರದೇ ಹೋಗಿದ್ದರೆ ನಾವು ಇನ್ನೂ ತಿಂಗಳುಗಟ್ಟಲೆ ತೊಟ್ಟಿಲು ತಿರುಗಿಸುತ್ತ ಇರುತ್ತಿದ್ದೆವು ಎಂದೆ. ಅವರು ಹೂಂಗುಟ್ಟಿದರು. ನಂಬಲಿಲ್ಲ. ಇನ್ನೊಂದನ್ನೂ ನಾನು ಗಮನಿಸಿದ್ದೆ. ಬೀದಿಯ ಮಕ್ಕಳೆಲ್ಲರ ತಲೆ ಸವರುವ ಮನುಷ್ಯ ಆಪರೇಷನ್ ಆದಂದಿನಿಂದ ನನ್ನ ಮಗನ ತಲೆಯನ್ನು ಮುಟ್ಟಿರಲಿಲ್ಲ. ಬೆನ್ನು ತಟ್ಟುವರು, ಕೆನ್ನೆ ಹಿಂಡುವರು, ಕೈ ಮೇಲೆ ಹೋಗುತ್ತಿರಲಿಲ್ಲ.

ಅವರು ತೀರಿಕೊಳ್ಳುವ ಕೆಲವು ದಿನಗಳ ಹಿಂದಿನ ಮಾತು. ಭಾನುವಾರ. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆನಂದ ಆಗ ಪ್ರೈಮರಿಯ ಕೊನೆಯ ತರಗತಿಗಳಲ್ಲಿದ್ದ. ಮೆಟ್ಟಿಲ ಹತ್ತಿರ ಬುಗುರಿಗೆ ದಾರ ಸುತ್ತುತ್ತಿದ್ದ. ಇವರು ಅತ್ತಿಂದಿತ್ತ ಓಡಾಡುತ್ತ ಬಾಯಿಲೆಕ್ಕ ಕೇಳುತ್ತಿದ್ದರು. ಅವನು ಒಂದಕ್ಕೆ ಹೇಳಿದ, ಇನ್ನೊಂದಕ್ಕೆ ಹೇಳಿದ, ಆಮೇಲೆ ಬುಗುರಿ ಕೆಳಗಿಟ್ಟ.

"ಮಾಮ, ಗೌರಕ್ಕನ್ನ ಯಾವತ್ತಾದ್ರೂ ಲೆಕ್ಕ ಕೇಳ್ತೀರಾ? ನನ್ನೊಬ್ನನ್ನೇ ಯಾಕೆ ಕೇಳೋದು?"

ಅವರ ಹೆಜ್ಜೆ ನಿಂತಿತು.

"ನನ್ನ ತಲೆ ಆಪರೇಷನ್ ಆಗಿದೆ ಅಂತಾನಾ?"

ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. ಹುಡುಗ ಎದ್ದು ಅವರ ಮುಂದೆ ಹೋಗಿ ನಿಂತು, ತಲೆ ಬಗ್ಗಿಸಿ, ಎರಡೂ ಕೈಯಿಂದ ಹಿಂದಿನ ಕೂದಲನ್ನು ಬಗೆದು ಹಿಡಿದ.

"ಮುಟ್ಟಿ ನೋಡಿ ಮಾಮ. ನೋಯಲ್ಲ."

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರ ಕೈ ಮೇಲೆ ಹೋಗಿ, ಗಾಳಿಯಲ್ಲಿ ನಿಂತು, ಕೊನೆಗೆ ಇಳಿಯಿತು. ಬೆರಳು ಆ ಹಳೆಯ ಗಾಯದ ಗೆರೆಯನ್ನು ಹಿಡಿದು ಕಿವಿಯ ಹಿಂದಿನಿಂದ ನಡುತಲೆಯವರೆಗೆ ಹೋಯಿತು, ಮತ್ತೆ ವಾಪಸು ಬಂತು. ಆಮೇಲೆ ಇಡೀ ಅಂಗೈ ಅವನ ಹಿಂತಲೆಯ ಮೇಲೆ ಕೂತಿತು. ಹುಡುಗ ಬಗ್ಗಿಯೇ ನಿಂತಿದ್ದ. ಎಷ್ಟು ಹೊತ್ತೋ.

"ಏನೋ ಇದು" ಎಂದರು ಕೊನೆಗೆ. "ತಲೆ ಹೀಗೆ ಒಣಗಿಹೋಗಿದೆ! ಟೀಚರಮ್ಮಾ, ಭಾನುವಾರನಾದ್ರೂ ಹುಡುಗನ ತಲೆಗೆ ಒಂದು ತೊಟ್ಟು ಎಣ್ಣೆ ಹಾಕ್ಬಾರ್ದಾ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ದಡದಡನೆ ಒಳಗೆ ಹೋಗಿ ಎಣ್ಣೆ ಬಟ್ಟಲು ತಂದು, ಹುಡುಗನನ್ನು ಮೆಟ್ಟಿಲ ಮೇಲೆ ಕೂರಿಸಿ, "ಅಲ್ಲಾಡಬೇಡ" ಎಂದು ಗದರಿಸಿ, ಎರಡೂ ಕೈ ತುಂಬ ಎಣ್ಣೆ ಸುರಿದುಕೊಂಡು ಅವನ ತಲೆಗೆ ತಿಕ್ಕತೊಡಗಿದರು.